ಗೋಡೆಯ ಮೇಲೆ ಆರನೆಯ ಹೆಸರು

ಗುರುವಾರ, ಬೆಳಗಿನ ನಾಲ್ಕೂವರೆ. ವೆಸ್ಪರ್ ಪ್ರೌಢಶಾಲೆಯ ಜಿಮ್ ಎಂಬ ಆಟದ ಒಳಾಂಗಣದ ದೀಪಗಳು ಗುಂಡಿ ಒತ್ತಿದೊಡನೆ ಹೊತ್ತಿಕೊಳ್ಳುವ ಜಾತಿಯವಲ್ಲ. ಮೊದಲು ಎಲ್ಲಿಂದಲೋ ಒಂದು ಗುಂಯ್ ಸದ್ದು. ಆಮೇಲೆ ಚಾವಣಿಯ ಕತ್ತಲಲ್ಲಿ ಅಲ್ಲೊಂದು ಇಲ್ಲೊಂದು ನೇರಳೆ ಚುಕ್ಕಿ. ನೇರಳೆ ನೀಲಿಯಾಗಿ, ನೀಲಿಗೆ ಹಾಲು ಬೆರೆತು, ಹಾಲು ಕೆನೆಗಟ್ಟಿ ಬೆಳಕಾಗುವುದಕ್ಕೆ ಹನ್ನೊಂದು ನಿಮಿಷ ಬೇಕು. ಹೊರಗೆ ಮೂಗಿನ ಕೂದಲು ಸೂಜಿಯಾಗುವ ಚಳಿ. ಅಯೋವಾದ ಜೋಳದ ಹೊಲಗಳೆಲ್ಲ ಹಿಮ ಹೊದ್ದು ಮಗ್ಗಲು ಬದಲಿಸದೆ ಮಲಗಿವೆ. ಒಳಗೆ ಎಪ್ಪತ್ತೆರಡು ವರ್ಷದ ಆರ್ಡಿತ್ ಕೊಲಾರಿಕ್ ಆರಡಿ ಅಗಲದ ಒರೆಸುಕೋಲಿನ ಮೇಲೆ ಎರಡೂ ಕೈಯೂರಿ, ಆ ಹನ್ನೊಂದು ನಿಮಿಷವೂ ಸುಮ್ಮನೆ ನಿಂತಿರುತ್ತಾರೆ.

"ನೆಲ ಏಳೋವರೆಗೂ ಕಾಯ್ತೀನಿ," ಎನ್ನುತ್ತಾರೆ. "ನಿದ್ದೆಗಣ್ಣಲ್ಲಿರೋರ ಮುಖ ಒರೆಸಬಾರ್ದು. ಸಿಡಿಮಿಡಿ ಅಂತಾರೆ."

ಬೆಳಕು ಬಲಿತ ಮೇಲೆ ಒರೆಸುಕೋಲು ಹೊರಡುತ್ತದೆ. ಹಲಗೆ ಯಾವ ದಿಕ್ಕಿಗೆ ಹಾಸಿದೆಯೋ ಅದೇ ದಿಕ್ಕಿಗೆ, ಉದ್ದಕ್ಕೆ, ಎತ್ತದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂಬತ್ತು ಸಾಲು. ಹಿಂದಿನ ದಿನ ಮಕ್ಕಳ ಬೂಟು ಹೊತ್ತು ತಂದ ರಸ್ತೆಯ ಉಪ್ಪು ಒರೆಸುಕೋಲಿನ ಮುಂದೆ ಸಣ್ಣ ಬಿಳಿ ಅಲೆಯಾಗಿ ಉರುಳಿಕೊಂಡು ಹೋಗುತ್ತದೆ. ಆ ಉಪ್ಪು ಹಾಗೇ ಉಳಿದರೆ ಮೆರುಗೆಣ್ಣೆಗೆ ಗೀರು ಬೀಳುತ್ತದೆ; ಗೀರು ಬಿದ್ದ ಕಡೆ ಕಾಲು ಹಿಡಿಯುತ್ತದೆ; ಕಾಲು ಹಿಡಿದ ಕಡೆ ಯಾರದೋ ಮನೆಯ ಹುಡುಗಿಯ ಮಂಡಿ ತಿರುಗುತ್ತದೆ. ಮೂವತ್ತೆಂಟು ವರ್ಷದಲ್ಲಿ ಈ ನೆಲದ ಮೇಲೆ ಉಪ್ಪಿನಿಂದ ಒಂದೇ ಒಂದು ಮಂಡಿಯೂ ತಿರುಗಿಲ್ಲ. ಆ ಲೆಕ್ಕ ಇಟ್ಟವರೂ ಯಾರೂ ಇಲ್ಲ.

ಬೇರೆ ಲೆಕ್ಕಗಳನ್ನು ಬೇಕಾದರೆ ಅವರೇ ಹೇಳುತ್ತಾರೆ. ಎಂಟುನೂರ ಹನ್ನೆರಡು ಜನ ಕೂರುವ ಮೆಟ್ಟಿಲು. ಒಂದು ಚಳಿಗಾಲಕ್ಕೆ ಅವುಗಳಡಿಯಿಂದ ಕೆರೆದು ತೆಗೆಯುವ ಚೂಯಿಂಗ್ ಗಮ್ಮು ಒಂದು ಬಕೀಟು. ವಾರಕ್ಕೆ ಎರಡು ಪಂದ್ಯ, ಪಂದ್ಯಕ್ಕೆ ಆರು ಮೂಟೆ ಪಾಪ್‌ಕಾರ್ನ್ ಕಸ. ಕಳೆದುಹೋದ ಕೈಗವಸುಗಳ ಪೆಟ್ಟಿಗೆಯಲ್ಲಿ ಇವತ್ತಿಗೆ ನಲವತ್ತೊಂದು. "ಎಲ್ಲಾ ಎಡಗೈದು," ಎನ್ನುತ್ತಾರೆ ಆರ್ಡಿತ್. "ಈ ಊರಿನ ಬಲಗೈಗೆ ಮಾತ್ರ ಜವಾಬ್ದಾರಿ ಇದೆ."

ಐದು ಗಂಟೆಗೆ ಬಾಗಿಲು ತೆರೆಯುತ್ತದೆ, ನಡೆಯುವವರು ಬರುತ್ತಾರೆ. ಹೊರಗೆ ಹಿಮದ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವ ಬದಲು ಊರಿನ ಹಿರಿಯರು ಚಳಿಗಾಲ ಪೂರ್ತಿ ಈ ಅಂಕಣದ ಅಂಚಿನಲ್ಲೇ ಸುತ್ತುತ್ತಾರೆ. ಹತ್ತೊಂಬತ್ತು ಸುತ್ತಿಗೆ ಒಂದು ಮೈಲಿ. ಸೋಮವಾರ ಬಲಕ್ಕೆ, ಮಂಗಳವಾರ ಎಡಕ್ಕೆ, ಹೀಗೆ ದಿನ ಬಿಟ್ಟು ದಿನ ದಿಕ್ಕು ಬದಲು, ಎರಡೂ ಸೊಂಟಕ್ಕೆ ಸಮಪಾಲು ಸಿಗಲಿ ಎಂದು. ಒಟ್ಟು ಹದಿನಾಲ್ಕು ಜನ. ಹೆಸರಿಗೆ ವಾಕಿಂಗು; ಅದರಲ್ಲಿ ನಡಿಗೆಗಿಂತ ವಾಕ್ಕೇ ಹೆಚ್ಚು. ಮಾತು ಶುರುವಾದರೆ ಹವಾಮಾನ ಒಂದು ಸುತ್ತು, ಹಂದಿಯ ಧಾರಣೆ ಒಂದು ಸುತ್ತು, ಮೂರನೆಯ ಸುತ್ತಿಗೆ ಎಲ್ಲರೂ ತಪ್ಪದೆ ಬಂದು ಸೇರುವ ಜಾಗ ಒಂದೇ: ಡನ್‌ಮೋರ್ ಕೌಂಟಿ ಕಂಡ ಅತಿ ದೊಡ್ಡ ಬಾಸ್ಕೆಟ್‌ಬಾಲ್ ಆಟಗಾರರು ಯಾರು?

ದೊಡ್ಡವರೆಂದರೆ ಹಣ ಪಡೆದು ಆಡಿದವರಲ್ಲ, ಟೀವಿಯಲ್ಲಿ ಬಂದವರಲ್ಲ. ಹದಿನೇಳು ಹದಿನೆಂಟನೆಯ ವಯಸ್ಸಿನಲ್ಲಿ ಇದೇ ಹಲಗೆಯ ಮೇಲೆ ಆಡಿ, ಆಮೇಲೆ ಹಸು ಕಟ್ಟಿದವರು, ಬಸ್ಸು ಓಡಿಸಿದವರು, ಅಂಚೆ ಹಂಚಿದವರು. ಆ ಹೆಸರುಗಳು ಬೆಳಗಿನ ಜಾವದಲ್ಲಿ ಕಾಫಿಯ ಆವಿಯ ಜೊತೆ ಮೇಲೇಳುತ್ತವೆ. ಸತ್ತವರು, ಊರು ಬಿಟ್ಟವರು, ಪಕ್ಕದಲ್ಲೇ ಏದುಸಿರು ಬಿಡುತ್ತ ನಡೆಯುತ್ತಿರುವವರು, ಎಲ್ಲರೂ ಆ ಗಳಿಗೆಯಲ್ಲಿ ಮತ್ತೆ ಹದಿನೇಳರವರು. ಅರ್ಧ ಎಚ್ಚರ ಅರ್ಧ ಕನಸಿನಲ್ಲಿ ಸುತ್ತುವ ಹದಿನಾಲ್ಕು ಮುದಿ ತಲೆಗಳ ನಡುವೆ, ಖಾಲಿ ಅಂಕಣದಲ್ಲಿ, ಯಾರೋ ಆಡುತ್ತಲೇ ಇದ್ದಾರೆ ಎನಿಸುತ್ತದೆ.

ವಾದಕ್ಕೊಂದು ಕಟ್ಟಳೆಯಿದೆ. ನಡೆಯುತ್ತಲೇ ವಾದಿಸಬೇಕು. ಕೋಪ ಬಂತೆಂದೋ ಉಸಿರು ಸಿಕ್ಕಲಿಲ್ಲವೆಂದೋ ನಿಂತರೆ, ನಿಂತವನ ಮಾತು ಬಿತ್ತು. ಈ ಒಂದು ಕಟ್ಟಳೆಯಿಂದ ಹೃದಯದ ಡಾಕ್ಟರಿಗೆ ನಷ್ಟವಾಗಿದೆ.

ದನದ ಡಾಕ್ಟರಿಗೆ ಮಾತ್ರ ಲಾಭ. ವೆಂಡೆಲ್ ಸೀವರ್ಸ್ ನಿವೃತ್ತ ಪಶುವೈದ್ಯರು, ಎಪ್ಪತ್ತೊಂಬತ್ತಾದರೂ ದಮ್ಮಿದೆ. ಎದುರಿಗಿರುವುದು ಮನುಷ್ಯನಾದರೂ ಗಬ್ಬದ ಹಸುವನ್ನು ರಮಿಸುವ ದನಿಯಲ್ಲೇ ಮಾತು: "ಹೋ... ಹೋ... ನಿಧಾನ... ನೀನು ಹೇಳೋದು ಸರಿ ಕಣಮ್ಮಾ, ಆದ್ರೆ ನೀನು ಹೇಳೋದು ತಪ್ಪು." ಅವರ ಕಿಸೆಯಲ್ಲಿ ಒಂದು ನೋಟ್‌ಬುಕ್ಕು, ಅದರಲ್ಲಿ ಎಪ್ಪತ್ತು ವರ್ಷದ ಅಂಕಗಳು. ಲೈಬ್ರರಿಯಲ್ಲಿ ಮೂವತ್ತು ವರ್ಷ ದುಡಿದ ಬೆವ್ ಓಸ್ಟ್‌ಬಿ ಬೈದರೂ ಪಿಸುದನಿಯಲ್ಲೇ ಬೈಯುತ್ತಾರೆ. ಬೈಸಿಕೊಂಡವರು ಹತ್ತಿರ ಬಗ್ಗಿ ಕೇಳಿಸಿಕೊಳ್ಳಬೇಕು. ಮೂರನೆಯವರು ಡೆಲ್ಮರ್ ಟಾಫ್ಟ್. ಧಾನ್ಯದ ಉಗ್ರಾಣದಲ್ಲಿ ಯಂತ್ರಗಳ ಗದ್ದಲದ ನಡುವೆ ಬದುಕು ಕಳೆದವರು. ಅವರ ಪಿಸುಮಾತು ವಾಹನ ನಿಲುಗಡೆಗೆ ಕೇಳಿಸುತ್ತದೆ.

"ಲವೋನ್ ಪ್ರೂಯಿಸ್‌ನ ಕೆಳಗೆ ಹಾಕ್ತೀರೇನ್ರೀ ಡಾಕ್ಟ್ರೇ? ಅವಳು ಕಣ್ಮುಚ್ಕೊಂಡು ಬುಟ್ಟಿಗೆ ಹಾಕ್ತಿದ್ಲು!"

"ಕಣ್ಮುಚ್ಕೊಂಡಿದ್ದು ನೀನು, ಡೆಲ್ಮರ್. ಅವಳು ಆಡೋವಾಗ ನೀನು ನಾಲ್ಕನೇ ಮೆಟ್ಟಿಲ ಮೇಲೆ ಗೊರಕೆ ಹೊಡೀತಿದ್ದೆ."

"ಗೊರಕೆನೂ ಸಾಕ್ಷೀನೇ. ಚೆನ್ನಾಗಿ ಆಡೋರು ಇದ್ರೆ ನೆಮ್ಮದಿಯಾಗಿ ನಿದ್ದೆ ಬರತ್ತೆ."

ಇದೆಲ್ಲ ನಡೆಯುವಾಗ ಆರ್ಡಿತ್ ಏನು ಮಾಡುತ್ತಿರುತ್ತಾರೆ? ಕಿಟಕಿಯ ಕೆಳಗೆ ಬಿದ್ದ ಹಿಮದ ನೀರನ್ನು ಒರೆಸುತ್ತಿರುತ್ತಾರೆ. ಕಾಫಿಯ ಪಾತ್ರೆಗೆ ನಲವತ್ತು ಲೋಟದ ನೀರು ಸುರಿಯುತ್ತಿರುತ್ತಾರೆ. ವಾದದಲ್ಲಿ ಅವರು ಬಾಯಿ ಹಾಕಿದ್ದನ್ನು ಮೊನ್ನೆ ಮಂಗಳವಾರದವರೆಗೆ ಯಾರೂ ಕಂಡಿರಲಿಲ್ಲ.

ಮಂಗಳವಾರಕ್ಕೆ ಬರುವ ಮೊದಲು ಗೋಡೆಯನ್ನು ನೋಡಬೇಕು. ಜಿಮ್ ಕಟ್ಟಿ ಎಪ್ಪತ್ತೈದು ವರ್ಷವಾಯಿತೆಂದು ಉತ್ತರದ ಗೋಡೆಯ ಮೇಲೆ ಕೌಂಟಿಯ ಸಾರ್ವಕಾಲಿಕ ಶ್ರೇಷ್ಠರ ಹೆಸರು ಬರೆಸುವುದೆಂದು ಶಾಲಾ ಮಂಡಳಿ ತೀರ್ಮಾನಿಸಿದೆ. ಐವರು ಹುಡುಗರು, ಐವರು ಹುಡುಗಿಯರು; ಹೆಸರು, ವರ್ಷ, ಗಳಿಸಿದ ಅಂಕ. ಆಯ್ಕೆ ಯಾರದು? ಹೇಗಿದ್ದರೂ ಬಾಯಿ ಮುಚ್ಚುವವರಲ್ಲವೆಂದು ನಡೆಯುವ ಹದಿನಾಲ್ಕು ಜನಕ್ಕೇ ವಹಿಸಿದೆ. ಬರೆಯುವುದು ಆರ್ಡಿತ್. ಈ ಶಾಲೆಯಲ್ಲಿ ಅಂಕಣದ ಗೆರೆಯಿಂದ ಹಿಡಿದು ಪ್ರಿನ್ಸಿಪಾಲರ ಬಾಗಿಲಿನವರೆಗೆ ಬಣ್ಣದಲ್ಲಿ ಬರೆದ ಅಕ್ಷರವೆಲ್ಲ ಅವರ ಕೈಯದೇ. ಹುಡುಗರ ಸಾಲು ಕಳೆದ ತಿಂಗಳೇ ಮುಗಿದಿದೆ. ಹುಡುಗಿಯರ ಪಟ್ಟಿ ಎರಡು ಚಳಿಗಾಲ ಸುತ್ತಿ ಸುತ್ತಿ ಈ ಸೋಮವಾರ ಅವರ ಕೈಗೆ ಬಂತು. ಶುಕ್ರವಾರ ಸಂಜೆ ಪಂದ್ಯ. ಅದಕ್ಕೂ ಮುಂಚೆ ಗೋಡೆಯ ಪರದೆ ಸರಿಸಬೇಕು.

ಪಟ್ಟಿಯಲ್ಲಿ ಐದು ಹೆಸರು. ನಾಲ್ಕನೆಯದು ಕ್ಯಾರೊಲೀ ಮಿಕೆಲ್ಸನ್, ೧೯೭೧, ಅಂಕ ೨,೩೦೭. ಮದುವೆಯಾದ ಮೇಲೆ ಕ್ಯಾರೊಲೀ ಟಾಫ್ಟ್. ಡೆಲ್ಮರ್ ಅವರ ಹೆಂಡತಿ. ಎರಡು ವರ್ಷದ ಹಿಂದೆ ತೀರಿಕೊಂಡರು. ಎರಡು ಚಳಿಗಾಲ ಡೆಲ್ಮರ್ ಒಂದು ದಿನವೂ ತಪ್ಪದೆ ಸುತ್ತಿದ್ದು ಸೊಂಟಕ್ಕಾಗಿ ಅಲ್ಲ, ಆ ಸಾಲಿಗಾಗಿ ಎನ್ನುವುದು ಇಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ.

ಆರ್ಡಿತ್ ಮತ್ತು ಕ್ಯಾರೊಲೀ ಒಂದೇ ತರಗತಿ, ಒಂದೇ ತಂಡ. ಆಗ ಅಯೋವಾದ ಹುಡುಗಿಯರು ಆಡುತ್ತಿದ್ದದ್ದು ಈಗಿನ ಐದರ ಆಟವಲ್ಲ, ಆರರ ಆಟ. ತಂಡಕ್ಕೆ ಆರು ಜನ. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಬುಟ್ಟಿಗೆ ಚೆಂಡು ಹಾಕುವುದು ಫಾರ್ವರ್ಡ್‌ಗಳ ಕೆಲಸ. ಎದುರಾಳಿಗಳನ್ನು ಹಾಕಲು ಬಿಡದಿರುವುದು ಗಾರ್ಡ್‌ಗಳ ಕೆಲಸ. ಫಾರ್ವರ್ಡ್‌ಗಳು ಒಂದು ಅರ್ಧದಲ್ಲಿ, ಗಾರ್ಡ್‌ಗಳು ಇನ್ನೊಂದು ಅರ್ಧದಲ್ಲಿ; ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಗಾರ್ಡ್ ಚೆಂಡು ಕಸಿದರೆ ನಡುಗೆರೆಯವರೆಗೆ ತಂದು ಆಚೆ ನಿಂತ ಫಾರ್ವರ್ಡ್ ಕೈಗೆ ಕೊಡಬೇಕು. ಆಮೇಲೆ ಗೆರೆಯ ಮೇಲೆ ನಿಂತು, ದೂರದಲ್ಲಿ ಯಾರೋ ಕಾಣುವ ಕನಸನ್ನು ನೋಡಿದ ಹಾಗೆ, ಆ ಕಡೆಯ ಆಟವನ್ನು ನೋಡಬೇಕು. ಆರ್ಡಿತ್ ಗಾರ್ಡ್. ಕ್ಯಾರೊಲೀ ಫಾರ್ವರ್ಡ್.

"ಮೂರು ವರ್ಷ ನಾನು ಕೊಟ್ಟೆ, ಅವಳು ಹಾಕಿದ್ಲು," ಎನ್ನುತ್ತಾರೆ ಆರ್ಡಿತ್. "ಆಚೆ ಬುಟ್ಟಿ ಹತ್ರ ನೆಲ ಹೆಂಗಿದೆ ಅಂತ ಪಂದ್ಯದಲ್ಲಿ ನಾನು ಒಂದು ದಿನಾನೂ ತುಳಿದು ನೋಡ್ಲಿಲ್ಲ. ಈಗ ದಿನಾ ಎರಡೂ ಕಡೆ ಒರೆಸ್ತೀನಿ. ಎರಡೂ ಒಂದೇ ಥರ ಇದೆ."

ಶಾಲೆ ಮುಗಿದ ಮೇಲೆ ಟರ್ಕಿಕೋಳಿಯ ಮೊಟ್ಟೆ ಮರಿ ಮಾಡಿಸುವ ಕಾರ್ಖಾನೆಯಲ್ಲಿ ಹದಿನಾರು ವರ್ಷ. ತಟ್ಟೆಗೆ ನೂರಿಪ್ಪತ್ತು ಮೊಟ್ಟೆ, ಪಾಳಿಗೆ ಮುನ್ನೂರು ತಟ್ಟೆ. ಬೆರಳ ಸಂದಿಯಲ್ಲಿ ಹೋಗದ ವಾಸನೆ. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಹತ್ತೊಂಬತ್ತು ವರ್ಷ. ಮದುವೆಗೆ ಪುರುಸೊತ್ತಾಗಲಿಲ್ಲ, "ಕೇಳಿದ್ದೂ ಒಬ್ಬನೇ, ಅವನೂ ಎದುರು ತಂಡದ ಊರೋನು," ಎಂದು ನಗುತ್ತಾರೆ. ಎಂಬತ್ತೇಳರಲ್ಲಿ ಶಾಲೆಯಲ್ಲಿ ಜಾಡಮಾಲಿ ಕೆಲಸ ಖಾಲಿಯಾದಾಗ ಅರ್ಜಿ ಹಾಕಿದ ಮೊದಲ ಹೆಂಗಸು ಅವರು. ಸಂದರ್ಶನದಲ್ಲಿ ಕೇಳಿದರಂತೆ, ಭಾರ ಎತ್ತಬಲ್ಲಿರಾ ಎಂದು. ಅಮ್ಮನನ್ನು ಎತ್ತುತ್ತೇನೆ ಎಂದರಂತೆ. ಕೆಲಸ ಸಿಕ್ಕಿತು.

ಎರಡೂ ಮಂಡಿಗೆ ಈಗ ಲೋಹದ ಕೀಲು. "ಗಾರ್ಡ್ ಅಂದ್ರೆ ಮಂಡಿ ಬಗ್ಗಿಸ್ಕೊಂಡೇ ಬದುಕೋದು. ಆಮೇಲೆ ಒರೆಸೋ ಕೆಲ್ಸ. ದೇವರು ನನ್ನ ನೆಟ್ಟಗೆ ನಿಲ್ಲಿಸ್ಬೇಕು ಅಂತ ಅಂದ್ಕೊಂಡೇ ಇರ್ಲಿಲ್ಲ ಅನ್ಸತ್ತೆ."

ತೊಂಬತ್ತಮೂರರಲ್ಲಿ ರಾಜ್ಯವೆಲ್ಲ ಆರರ ಆಟ ಬಿಟ್ಟು ಐದರ ಆಟಕ್ಕೆ ಹೊರಳಿತು. ಈ ಜಿಮ್‌ನಲ್ಲಿ ಕೊನೆಯ ಆರರ ಪಂದ್ಯ ಮುಗಿದ ಮೇಲೆ ನೆಲ ಒರೆಸಿದ್ದೂ ಆರ್ಡಿತ್. "ಅವತ್ತು ಮೂರು ಗಂಟೆ ಹಿಡೀತು," ಎನ್ನುತ್ತಾರೆ. "ಕಸ ಜಾಸ್ತಿ ಇರ್ಲಿಲ್ಲ."

ಈಗ ಮಂಗಳವಾರ. ಎಡಕ್ಕೆ ಸುತ್ತುವ ದಿನ. ಗೋಡೆಗೆ ಏಣಿ ಒರಗಿದೆ. ಸುಣ್ಣದ ಬಿಳುಪಿನ ಮೇಲೆ ಪೆನ್ಸಿಲಿನಲ್ಲಿ ಎಳೆದ ಐದು ಸಾಲುಗಳಿವೆ. ಆರ್ಡಿತ್ ಏಣಿಯ ಕೆಳಗೆ ಪಟ್ಟಿ ಹಿಡಿದು ನಿಂತಿದ್ದಾರೆ. ನಡೆಯುವವರು ಪಕ್ಕದಲ್ಲಿ ಹಾದುಹೋಗುವಾಗ ಡಾಕ್ಟರು ಕೇಳುತ್ತಾರೆ, ಅಕ್ಷರ ಎಷ್ಟು ಎತ್ತರ ಬರತ್ತಮ್ಮಾ?

"ಇದನ್ನ ಬರೆಯಕ್ಕಾಗಲ್ಲ ಡಾಕ್ಟ್ರೇ."

"ಯಾಕೆ, ಬಣ್ಣ ಸಾಲದಾ?"

"ಬಣ್ಣ ಇದೆ. ಟೀಮಿಲ್ಲ." ಆರ್ಡಿತ್ ಪಟ್ಟಿಯನ್ನು ಮೇಲೆತ್ತುತ್ತಾರೆ. "ಐದು ಜನಾನೂ ಫಾರ್ವರ್ಡ್. ಈ ಕಡೆ ಐದು ಜನ ನಿಂತಿದಾರೆ, ಅದರಲ್ಲಿ ಮೂರೇ ಜನಕ್ಕೆ ಜಾಗ. ಆ ಕಡೆ ಯಾರಿದಾರೆ? ಯಾರೂ ಇಲ್ಲ. ಎದುರಿನೋರು ಬಂದು ಊಟದ ಹೊತ್ತಿನವರೆಗೂ ಹಾಕ್ತಾನೇ ಇರ್ತಾರೆ. ನಿಮ್ಮ ಸಾರ್ವಕಾಲಿಕ ಟೀಮು ಸೋಲತ್ತೆ. ಮಧ್ಯಾಹ್ನದೊಳಗೆ ಸೋಲತ್ತೆ."

ಡಾಕ್ಟರು ನಿಂತರು. ಬೆವ್ ನಿಂತರು. ಹಿಂದೆ ಬರುತ್ತಿದ್ದವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ನಿಂತರು. ಕಟ್ಟಳೆ ಬಂದ ಮೇಲೆ ಮೊದಲ ಸಲ ಹದಿನಾಲ್ಕೂ ಜನ ಒಟ್ಟಿಗೆ ನಿಂತರು; ಒಟ್ಟಿಗೆ ಸೋತರು.

ಹೊರಗಿನವರು ಮಾಡಿದ್ದರೆ ಇದು ತಿಳಿಯದೆ ಆದ ತಪ್ಪು. ಇವರು ಹುಟ್ಟಿದಾಗಿನಿಂದ ಆರರ ಆಟ ನೋಡಿದವರು. ಡಾಕ್ಟರಂತೂ ರಾಜ್ಯದ ಪಂದ್ಯಾವಳಿಗೆ ಮೂವತ್ತೊಂದು ವರ್ಷ ಹೋದವರು. ಆದರೂ ಮೂವತ್ತು ವರ್ಷದಿಂದ ಕಣ್ಣಿಗೆ ಐದೇ ಅಭ್ಯಾಸವಾಗಿ, ಹುಡುಗರದು ಐದು ಎಂದು ಹುಡುಗಿಯರದಕ್ಕೂ ಐದೇ ಎಂದು ಗೋಡೆ ಅಳೆದರು. ಅಂಕ ನೋಡಿ ಆರಿಸಿದರು. ಗಾರ್ಡ್‌ಗಳಿಗೆ ಅಂಕವೆಂಬುದೇ ಇರಲಿಲ್ಲ. ಅಂಕಣದ ಅರ್ಧವನ್ನೇ ಮರೆತರು.

"ಇದನ್ನ ಯಾಕೆ ಈಗ ಹೇಳ್ತಿದೀಯ?" ಬೆವ್ ಪಿಸುಗುಟ್ಟಿದರು. "ಎರಡು ವರ್ಷದಿಂದ ಇಲ್ಲೇ ಒರೆಸ್ತಾ ಇದ್ದೆಯಲ್ಲೇ ಪುಣ್ಯಾತ್ಗಿತ್ತಿ!"

"ನೀವು ಮಾತಾಡ್ತಿದ್ರಿ. ಮಾತು ಯಾವತ್ತು ಗೋಡೆಗೆ ಹತ್ತಿದೆ? ನೆನ್ನೆ ಕೈಗೆ ಪಟ್ಟಿ ಬಂತು. ತಪ್ಪು ಅಂತ ಗೊತ್ತಿದ್ದೂ ನಾನೇ ಬರೆದ್ರೆ ಅದು ನನ್ನ ತಪ್ಪು."

ಹಾಗಾದರೆ ಆರು ಹೆಸರು. ಮೂವರು ಫಾರ್ವರ್ಡ್, ಮೂವರು ಗಾರ್ಡ್. ಐದು ಫಾರ್ವರ್ಡ್‌ಗಳಲ್ಲಿ ಇಬ್ಬರು ಇಳಿಯಬೇಕು. ಅಂಕದ ಪ್ರಕಾರ ಪಟ್ಟಿಯ ಮೊದಲ ಮೂವರು, ಮಾರ್ವೆಲ್, ಲವೋನ್, ಕ್ರಿಸ್ಟಿ, ಉಳಿಯುತ್ತಾರೆ. ನಾಲ್ಕನೆಯವರು ಇಳಿಯುತ್ತಾರೆ. ಯಾರೂ ಡೆಲ್ಮರ್ ಕಡೆ ನೋಡಲಿಲ್ಲ. ಯಾರೂ ನೋಡದಿದ್ದದ್ದೇ ನೋಡಿದಂತಾಯಿತು. ಡೆಲ್ಮರ್ ಟಾಫ್ಟ್ ಟೋಪಿ ಕಿವಿಯವರೆಗೆ ಎಳೆದುಕೊಂಡು, ಹತ್ತೊಂಬತ್ತರಲ್ಲಿ ಏಳೇ ಸುತ್ತು ಮುಗಿಸಿ, ಬಾಗಿಲು ದಾಟಿ ಹಿಮದೊಳಗೆ ನಡೆದುಬಿಟ್ಟರು. ಮಾತಾಡಿದ್ದರೆ ಊರಿಗೆಲ್ಲ ಕೇಳಿಸುತ್ತಿತ್ತು.

ಬುಧವಾರವೂ ಬರಲಿಲ್ಲ.

"ಸೋಮವಾರ ಮನೆಗೆ ಹೋದ ಮೇಲೆ ಗೊತ್ತಾಗಿತ್ತು, ಹೇಳಿದ್ರೆ ಯಾರ ಹೆಸರು ಹೋಗತ್ತೆ ಅಂತ," ಎನ್ನುತ್ತಾರೆ ಆರ್ಡಿತ್. ಕೈ ನಿಂತಿಲ್ಲ, ಏಣಿಯ ಮೆಟ್ಟಿಲು ಒರೆಸುತ್ತಿದೆ. "ಕ್ಯಾರೊಲೀ ನನ್ನ ಅಮ್ಮನಿಗೆ ಭಾನುವಾರ ತಲೆ ಬಾಚಕ್ಕೆ ಬರ್ತಿದ್ಲು. ನನಗೆ ಪುರುಸೊತ್ತಾಗ್ಲಿ ಅಂತ. ಹತ್ತೊಂಬತ್ತು ವರ್ಷ. ಅಂಥೋಳ ಹೆಸರು ಅಳಿಸೋಳು ನಾನೇ ಆಗ್ಬೇಕಾ ಅಂತ ಅನ್ನಿಸ್ತು. ಸುಮ್ಮನಿದ್ದಿದ್ರೆ ಯಾರಿಗೂ ತಿಳೀತಿರ್ಲಿಲ್ಲ. ಡೆಲ್ಮರ್ ಒಪ್ಪದೆ ನಾನು ಕುಂಚ ಅದ್ದಲ್ಲ. ಪರದೆ ಹಿಂದೆ ಖಾಲಿ ಗೋಡೆ ಇದ್ರೂ ಸರಿ."

ಬುಧವಾರ ಬೆವ್ ಇಡೀ ದಿನ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆಯ ಪತ್ರಿಕೆಗಳ ರಾಶಿಯಲ್ಲಿ ಕುಳಿತಿದ್ದರು. ಗಾರ್ಡ್‌ಗಳನ್ನು ಹುಡುಕುವುದು ಹೇಗೆ? ಇಲ್ಲದ್ದನ್ನು ಹುಡುಕುವ ಕೆಲಸ ಅದು. ಎದುರಾಳಿಗಳು ಎಲ್ಲಿ ಒಮ್ಮೆಲೇ ಮಂಕಾದರು, ಆ ದಿನ ಅವರೆದುರು ಯಾರು ನಿಂತಿದ್ದರು, ಅದನ್ನು ಹಿಡಿದು ಹೋಗಬೇಕು. ಮಂಜಿನಲ್ಲಿ ಹೆಜ್ಜೆ ಗುರುತು ಹಿಡಿದು ನಡೆದವರ ಮುಖ ಊಹಿಸಿದಂತೆ.

ಗುರುವಾರದ ಈ ಬೆಳಗ್ಗೆ, ಐದೂಕಾಲಿಗೆ, ಬೆವ್ ಕೈಯಲ್ಲಿ ಮೂರು ಹೆಸರಿದೆ. ಟ್ವೈಲಾ ಬ್ರಾಂಡ್‌ವೋಲ್ಡ್, ೧೯೬೨. ಪೆಗ್ ಸ್ಕೂನ್, ೧೯೮೪. ಮೂರನೆಯದನ್ನು ಓದುವ ಮುಂಚೆ ಅವರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

"ಫೆಬ್ರವರಿ ಎಪ್ಪತ್ತೊಂದು. ಪಕ್ಕದ ಊರಿನ ಹುಡುಗಿ, ಪಂದ್ಯಕ್ಕೆ ನಲವತ್ತೆಂಟು ಹಾಕೋಳು. ಇಲ್ಲಿ ಬಂದು ಹದಿಮೂರು ಹಾಕಿ ಅತ್ಕೊಂಡು ಬಸ್ ಹತ್ತಿದ್ಲು ಅಂತ ಪೇಪರಲ್ಲೇ ಬರ್ದಿದಾರೆ. ಅವಳಿಗೆ ಅಡ್ಡ ನಿಂತೋಳು ಕೊಲಾರಿಕ್ ಅಂತ ಒಬ್ಳು." ಬೆವ್ ತಲೆ ಎತ್ತುತ್ತಾರೆ. "ಅದೊಂದೇ ಅಲ್ಲ. ಹನ್ನೊಂದು ಪಂದ್ಯ ಇದೆ ಹಿಂಗೆ."

ಆರ್ಡಿತ್ ಬಕೀಟು ಕೆಳಗಿಡುತ್ತಾರೆ. "ಅದು ಆಗಲ್ಲ. ಕ್ಯಾರೊಲೀನ ಇಳಿಸಿ ನಾನು ಹತ್ತೋದಾ? ಬೇರೆ ಯಾರನ್ನಾದ್ರೂ ನೋಡಿ."

"ಹೋ... ನಿಧಾನ..." ಎನ್ನಲು ಡಾಕ್ಟರು ಬಾಯಿ ತೆರೆಯುತ್ತಾರೆ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡು ಒಂದು ಮೋಡದಷ್ಟು ಚಳಿ ಒಳಗೆ ಬರುತ್ತದೆ. ಅದರ ಹಿಂದೆ ಡೆಲ್ಮರ್.

ಬೂಟಿನ ಹಿಮ ಕೊಡವದೆ ನೇರ ನೆಲದ ಮೇಲೆ ನಡೆದು ಬರುತ್ತಾರೆ. ಆರ್ಡಿತ್ ನೆಲವನ್ನೊಮ್ಮೆ, ಅವರನ್ನೊಮ್ಮೆ ನೋಡುತ್ತಾರೆ. ಬೇರೆ ದಿನವಾಗಿದ್ದರೆ ಬೈಗುಳ ಖಂಡಿತ.

"ಆರ್ಡಿ, ಒಂದು ಮಾತು ಕೇಳ್ತೀನಿ. ಸಮಾಧಾನಕ್ಕೆ ಸುಳ್ಳು ಹೇಳ್ಬೇಡ." ಡೆಲ್ಮರ್ ನಿಜವಾಗಿಯೂ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಾರೆ, ಅಂಥದೊಂದು ದನಿ ಅವರಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. "ಪ್ರಾಕ್ಟೀಸಲ್ಲಿ ದಿನಾ ಅವಳ ಎದುರಿಗೆ ನಿಲ್ತಿದ್ದದ್ದು ನೀನೇ ತಾನೇ?"

"ನಾನೇ."

"ದಿನಕ್ಕೆ ಎಷ್ಟು ಹಾಕ್ತಿದ್ಲು ನಿನ್ನ ಮೇಲೆ?"

ಬೆವ್ ಕಣ್ಣಲ್ಲೇ ಏನೋ ಹೇಳುತ್ತಾರೆ, ಹತ್ತು ಅನ್ನು, ಹದಿನೈದು ಅನ್ನು ಎನ್ನುವ ಹಾಗೆ.

"ಎರಡು ಸಲ. ಒಳ್ಳೇ ದಿನ ಮೂರು."

"ಅಷ್ಟೇನಾ?"

"ಅಷ್ಟೇ."

"ಪಂದ್ಯದಲ್ಲಿ ಮೂವತ್ತಾರು ಅಂಕ ಹಾಕೋಳು!"

"ಹೂಂ," ಎನ್ನುತ್ತಾರೆ ಆರ್ಡಿತ್. "ಅದಕ್ಕೇ ಹಾಕೋಳು."

ಡೆಲ್ಮರ್ ಟೋಪಿ ತೆಗೆಯುತ್ತಾರೆ. ಬೋಳು ತಲೆಯ ಮೇಲಿಂದ ಸಣ್ಣಗೆ ಆವಿ ಏಳುತ್ತಿದೆ.

"ಅವಳೂ ಅದನ್ನೇ ಹೇಳ್ತಿದ್ಲು," ಎನ್ನುತ್ತಾರೆ. "ಶುಕ್ರವಾರ ಪಂದ್ಯ ಅಂದ್ರೆ ರಜಾ ಇದ್ದಂಗೆ ಡೆಲ್ಮರ್, ಸೋಮವಾರದಿಂದ ಗುರುವಾರ ಆ ಹುಡುಗಿ ಇರ್ತಾಳಲ್ಲ, ಅದು ಕಣೋ ಆಟ ಅಂತ. ನಾನು ತಮಾಷೆಗೆ ಅಂತಿದಾಳೆ ಅಂದ್ಕೊಂಡಿದ್ದೆ. ಎರಡು ದಿನ ಕೂತ್ಕೊಂಡು ಯೋಚ್ನೆ ಮಾಡ್ದೆ. ಅವಳೇ ಹೇಳಿರೋದನ್ನ ಸುಳ್ಳು ಅನ್ನಕ್ಕೆ ನಾನ್ಯಾರು?" ಟೋಪಿಯನ್ನು ಹಿಂಡುತ್ತಾರೆ. "ಬರಿ. ಗಾರ್ಡ್ ಅಂತ ನಿನ್ನ ಹೆಸರೇ ಬರಿ. ಒಪ್ಪಿದೆ ಅಂದ್ರೆ ಖುಷಿಯಾಗಿದೀನಿ ಅಂತಲ್ಲ, ಅದನ್ನೂ ಹೇಳ್ಬಿಡ್ತೀನಿ."

"ನನಗೂ ಖುಷಿಯಿಲ್ಲ."

"ಸರಿ. ಇಬ್ರಿಗೂ ಇಲ್ಲ. ಹಾಗಿದ್ರೆ ನ್ಯಾಯವಾಗೇ ಇರ್ಬೇಕು."

ಡೆಲ್ಮರ್ ಇಂದು ಹತ್ತೊಂಬತ್ತು ಸುತ್ತೂ ಮುಗಿಸುತ್ತಾರೆ. ಅವರ ಬೂಟಿನಿಂದ ಉದುರಿದ ಉಪ್ಪನ್ನು ಹಿಂದೆ ಹಿಂದೆಯೇ ಆರ್ಡಿತ್ ಒರೆಸುತ್ತ ಹೋಗುತ್ತಾರೆ. ನಡೆಯುವವರ ಸಾಲು ಅವರಿಬ್ಬರನ್ನು ಬಿಟ್ಟು ಸ್ವಲ್ಪ ದೂರದಲ್ಲೇ ಸುತ್ತುತ್ತದೆ.

ಮಧ್ಯಾಹ್ನ ಮಕ್ಕಳು ಊಟಕ್ಕೆ ಹೋದಾಗ ಆರ್ಡಿತ್ ಏಣಿ ಹತ್ತುತ್ತಾರೆ. ಐದು ಸಾಲಿಗೆ ಅಳೆದ ಗೋಡೆಗೆ ಆರು ಸಾಲು ಹಿಡಿಸಬೇಕು. ಎಂಟು ಅಂಗುಲದ ಅಕ್ಷರ ಆರೂವರೆಗೆ ಇಳಿಯುತ್ತದೆ. ಪೆನ್ಸಿಲ್ ಗೆರೆಗಳನ್ನು ಬ್ರೆಡ್ಡಿನ ಚೂರಿನಿಂದ ಉಜ್ಜಿ ತೆಗೆಯುತ್ತಾರೆ. ರಬ್ಬರಿನಿಂದ ಉಜ್ಜಿದರೆ ಸುಣ್ಣ ಹೊಳಪಾಗಿ ಬಣ್ಣ ಹಿಡಿಯುವುದಿಲ್ಲವಂತೆ. ಕಡುಗೆಂಪು, ಶಾಲೆಯ ಬಣ್ಣ. ಮೇಲಿನ ಮೂರು ಹೆಸರು ಗುರುವಾರವೇ ಮುಗಿಯುತ್ತವೆ. ಉಳಿದ ಮೂರಕ್ಕೆ ಶುಕ್ರವಾರ ಬೆಳಗ್ಗೆ ಮತ್ತೆ ಅದೇ ಹನ್ನೊಂದು ನಿಮಿಷ ಕಾದು ಏಣಿ ಹತ್ತಿದ್ದಾರೆ.

ನಡೆಯುವವರು ಕೆಳಗೆ ಸುತ್ತುತ್ತಿದ್ದಾರೆ. ಬಲಕ್ಕೆ ಸುತ್ತುವ ದಿನ. ಡಾಕ್ಟರು ಹಾದುಹೋಗುವಾಗ ಒಂದು ತೊಡಕು ಕಾಣುತ್ತದೆ. ಫಾರ್ವರ್ಡ್‌ಗಳ ಹೆಸರಿನ ಮುಂದೆ ಎರಡು ಸಾವಿರದ ಚಿಲ್ಲರೆ ಅಂಕಗಳು ಠೀವಿಯಿಂದ ನಿಂತಿವೆ. ಗಾರ್ಡ್‌ಗಳ ಮುಂದೆ?

"ಗೆರೆ ಎಳೆದುಬಿಡಮ್ಮಾ," ಎಂದು ರಮಿಸುತ್ತಾರೆ ಡಾಕ್ಟರು. "ಇಲ್ಲಾ ಖಾಲಿ ಬಿಡು. ಮರ್ಯಾದೆಯಾಗಿರತ್ತೆ."

"ಹೂವಾದ್ರೂ ಬರಿ," ಪಿಸುಗುಟ್ಟುತ್ತಾರೆ ಬೆವ್.

"ನೋಡೋರು ಏನಂದ್ಕೋತಾರೆ ಅಂತ ಒಂಚೂರು ಯೋಚ್ನೆ ಮಾಡು ಆರ್ಡಿ," ಎನ್ನುತ್ತಾರೆ ಡೆಲ್ಮರ್. ದನಿ ಮತ್ತೆ ಚಾವಣಿ ಮುಟ್ಟುತ್ತಿದೆ. "ಪಕ್ಕದೂರಿನೋರು ನಗ್ತಾರೆ!"

ಆರ್ಡಿತ್ ಕೆಳಗೆ ನೋಡುವುದಿಲ್ಲ. ಅಕ್ಷರಗಳಿಗೆ ರಟ್ಟಿನ ಅಚ್ಚು ಬಳಸುವವರು ಈಗ ಅಚ್ಚನ್ನು ಕಿಸೆಗೆ ಸೇರಿಸಿ, ಕುಂಚವನ್ನು ಬರಿಗೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ತಮ್ಮ ಹೆಸರಿನ ಮುಂದೆ ಒಂದೇ ಎಳೆತದಲ್ಲಿ ಒಂದು ದುಂಡನೆಯ ಸೊನ್ನೆ ಬರೆಯುತ್ತಾರೆ. ಉಳಿದ ಅಂಕಿಗಳಿಗಿಂತ ಅದು ಕೂದಲೆಳೆಯಷ್ಟು ದೊಡ್ಡದು.

"ಖಾಲಿ ಬಿಟ್ರೆ ಯಾರೋ ಬರೆಯೋದು ಮರ್ತಿದಾರೆ ಅಂದ್ಕೋತಾರೆ," ಎನ್ನುತ್ತಾರೆ, ಗೋಡೆಗೇ ಹೇಳುವಂತೆ. "ಮೂರು ವರ್ಷ, ಅರವತ್ತನಾಲ್ಕು ಪಂದ್ಯ. ಒಂದು ಅಂಕಾನೂ ಹಾಕಿಲ್ಲ ನಾನು. ಅದು ನನ್ನ ಕೆಲ್ಸ ಆಗಿರ್ಲಿಲ್ಲ. ನನ್ನ ಕೆಲ್ಸ ಏನಿತ್ತೋ ಅದನ್ನ ಚೆನ್ನಾಗೇ ಮಾಡ್ದೆ."